ಒಂದು ಇಸವಿ ತಪ್ಪಾಯ್ತು ಅಂತ ಹಿಮನದಿ ಕರಗೋದು ನಿಲ್ಲುತ್ತಾ?

ದಾವಣಗೆರೆಯ ಓದುಗರೊಬ್ಬರು ಬರೆದಿದಾರೆ: “2035ಕ್ಕೆ ಹಿಮಾಲಯದ ಹಿಮನದಿಗಳೆಲ್ಲ ಮಾಯ ಅಂತ ವಿಜ್ಞಾನಿಗಳೇ ಹೇಳಿದ್ರು, ಆಮೇಲೆ ತಪ್ಪಾಯ್ತು ಅಂದ್ರು. ಇನ್ನೂ ಯಾಕೆ ಹೆದರಿಸ್ತೀರಿ? ನಮ್ಮ ತುಂಗಭದ್ರೆಗೇನು ಹಿಮದ ನೀರು ಬರುತ್ತಾ?”

ಬರಲ್ಲ ಸ್ವಾಮಿ. ಇಸವಿ ವಿಷಯದಲ್ಲೂ ನೀವು ಹೇಳಿದ್ದು ಸರಿ, ಹವಾಮಾನ ಬದಲಾವಣೆ ಬಗ್ಗೆ ವರದಿ ಕೊಡೋ ವಿಶ್ವಸಂಸ್ಥೆಯ ಸಮಿತಿ ಐಪಿಸಿಸಿಯ 2007ರ ವರದಿಯಲ್ಲಿ ಅದು ನುಸುಳಿತ್ತು, 2010ರಲ್ಲಿ ಅವರೇ ಒಪ್ಕೊಂಡ್ರು. ಇಷ್ಟು ನೆನಪಿಟ್ಟಿರೋ ನೀವು ಆಮೇಲೆ ಬಂದಿದ್ದನ್ನ ಯಾಕೆ ಓದಲಿಲ್ಲ ಅನ್ನೋದೇ ನನ್ನ ಬೇಜಾರು.

ಹಿಮಾಚಲದ ಲಾಹೌಲಲ್ಲಿ ಛೋಟಾ ಶಿಗ್ರಿ ಅಂತ ಹಿಮನದಿ ಇದೆ, 2002ರಿಂದ ಅಲ್ಲಿ ಅಳತೆ ನಡೀತಿದೆ. ಮಂಜುಗಡ್ಡೆ ಕೊರೆದು ಬಿದಿರಿನ ಗಳ ಇಳಿಸ್ತಾರೆ, ಬೇಸಿಗೆ ಮುಗಿದ್ಮೇಲೆ ಮತ್ತೆ ಹತ್ತಿ ಹೋಗಿ ಗಳ ಎಷ್ಟು ಹೊರಗೆ ಎದ್ದಿದೆ ಅಂತ ಟೇಪ್ ಹಿಡೀತಾರೆ, ಎದ್ದಿರೋವಷ್ಟು ಕರಗಿದೆ ಅಂತ ಅರ್ಥ, ಇನ್ನೂ ಮೇಲೆ ಹೋಗಿ ಗುಂಡಿ ತೋಡಿ ಹೊಸ ಹಿಮ ಎಷ್ಟು ಬಿದ್ದಿದೆ ನೋಡ್ತಾರೆ, ಕೂಡಿ ಕಳೆದ್ರೆ ಒಟ್ಟಾರೆ ನಷ್ಟವೇ. ಉಸಿರಾಡೋಕೂ ಕಷ್ಟ ಆಗೋ ಎತ್ತರದಲ್ಲಿ ನಿಂತು ಇದನ್ನ ಬರ್ಕೊಂಡು ಬರೋರನ್ನ ಹೆದರಿಸೋರು ಅಂತ ಹೇಗ್ರೀ ಅನ್ನೋದು? ಹಿಮಾಲಯದ ಪರ್ವತಗಳ ಅಧ್ಯಯನ ಮಾಡೋ ಕಠ್ಮಂಡುವಿನ ಇಸಿಮೋಡ್ ಸಂಸ್ಥೆ 2023ರಲ್ಲಿ ಹೇಳಿದ್ದು, 2011-20ರಲ್ಲಿ ಹಿಂದೂಕುಶ್ ಹಿಮಾಲಯದ ಹಿಮನದಿಗಳು ಅದರ ಹಿಂದಿನ ದಶಕಕ್ಕಿಂತ ಶೇ 65ರಷ್ಟು ಜಾಸ್ತಿ ವೇಗದಲ್ಲಿ ಕರಗಿವೆ, ಹೊಗೆ ಹೀಗೇ ಬಿಡ್ತಾ ಹೋದ್ರೆ ಈ ಶತಮಾನದ ಕೊನೆಗೆ ಈಗಿರೋ ಹಿಮನದಿಗಳ ಮಂಜುಗಡ್ಡೆಯಲ್ಲಿ ಶೇ 80ರವರೆಗೂ ಕರಗಿ ಹೋಗಬಹುದು.

ಲಡಾಖಿನ ರೈತ ಇದಕ್ಕೆ ಯಾವ ವರದಿಗೂ ಕಾಯಲಿಲ್ಲ. ಅಲ್ಲಿ ಬಿತ್ತನೆಗೆ ಏಪ್ರಿಲ್-ಮೇನಲ್ಲಿ ನೀರು ಬೇಕು, ಎತ್ತರದ ಹಿಮ ಕರಗಿ ಬರೋದು ಜೂನ್ ಹೊತ್ತಿಗೆ. ಚೆವಾಂಗ್ ನೊರ್ಫೆಲ್ ಅನ್ನೋ ಇಂಜಿನಿಯರ್ ಚಳಿಗಾಲದಲ್ಲಿ ಸುಮ್ನೆ ಹರಿದು ಹೋಗೋ ನೀರನ್ನ ಊರಿನ ಹತ್ತಿರ, ನೆರಳಿರೋ ಕಡೆ ತಿರುಗಿಸಿ, ಕಲ್ಲಿನ ಅಡ್ಡಗೋಡೆ ಕಟ್ಟಿ ಅಲ್ಲೇ ಹೆಪ್ಪುಗಟ್ಟಿಸಿದ್ರು, ಬಿತ್ತನೆ ಹೊತ್ತಿಗೆ ಅದು ಕರಗುತ್ತೆ. 2015ರಲ್ಲಿ ಪದ್ಮಶ್ರೀ ಬಂತು. ನಮ್ಮ ಎಷ್ಟು ಪತ್ರಿಕೆಗಳು ಅವರ ಬಗ್ಗೆ ಒಂದು ಪುಟ ಕೊಟ್ವು?

ನನ್ನ ನಿಜವಾದ ಸಿಟ್ಟು ನಮ್ಮ ಮೀಡಿಯಾ ಮೇಲೇನೇ. 2023ರ ಅಕ್ಟೋಬರಲ್ಲಿ ಸಿಕ್ಕಿಂನ ದಕ್ಷಿಣ ಲ್ಹೊನಾಕ್ ಸರೋವರ ಉಕ್ಕಿ ಚುಂಗ್‌ಥಾಂಗ್ ಡ್ಯಾಮೇ ಕೊಚ್ಕೊಂಡು ಹೋದಾಗ ಟೀವಿಯಲ್ಲೆಲ್ಲ ಅದೇ. ಹಿಮನದಿ ಹಿಂದೆ ಸರೀತಾ ಸರೀತಾ ಆ ಸರೋವರ ವರ್ಷ ವರ್ಷ ದೊಡ್ಡದಾಗ್ತಿತ್ತು, ಅಪಾಯ ಇದೆ ಅಂತ ವಿಜ್ಞಾನಿಗಳು ಮೊದಲೇ ಬರೆದಿದ್ರು, ಆಗ ಯಾರಿಗೂ ಅದು ಸುದ್ದಿ ಅನ್ನಿಸ್ಲಿಲ್ಲ. ನಿಧಾನವಾಗಿ ಆಗೋ ಅನಾಹುತಕ್ಕೆ ನಮ್ಮಲ್ಲಿ ಜಾಗಾನೇ ಇಲ್ಲ, ಕೆರೆ ಬತ್ತಿದ್ರೂ ಅಷ್ಟೆ, ಬೋರ್‌ವೆಲ್ ಆಳಕ್ಕೆ ಇಳಿದ್ರೂ ಅಷ್ಟೆ.

ಇನ್ನು ನಮಗೇನು ಸಂಬಂಧ ಅಂದ್ರಲ್ಲ, ಬದರಿ ಕೇದಾರ ಅಂತ ಪ್ರತಿವರ್ಷ ನಮ್ಮೂರುಗಳಿಂದ ಬಸ್ಸುಗಟ್ಟಲೆ ಜನ ಹೋಗ್ತಾರೆ, ಅಲ್ಲಿಂದ ತಂದ ಗಂಗಾಜಲದ ಗಿಂಡಿ ನಿಮ್ಮ ದೇವರ ಮನೇಲೂ ಇರಬಹುದು, ಆ ಗಂಗೆ ಹುಟ್ಟೋ ಗೋಮುಖ ಗಂಗೋತ್ರಿ ಹಿಮನದಿಯ ತುದಿ, ಆ ತುದಿ ಹಿಂದಕ್ಕೆ ಹೋಗ್ತಾನೇ ಇದೆ. ಈ ಬಗ್ಗೆ ಮುಂದೆಯೂ ಬರೀತೀವಿ. ಓದಿ, ಒಪ್ಪಿಗೆ ಆಗದಿದ್ರೆ ಇಷ್ಟೇ ಜೋರಾಗಿ ಇನ್ನೊಂದು ಪತ್ರ ಹಾಕಿ.

– ಸಂ.