ತಿಂಡಿ ಅಂಗಡಿಯ ಬೋರ್ಡಿಗೆ ಕೈಬರಹದಂಥ ಕನ್ನಡ ಫಾಂಟ್ ಯಾವುದು ಹಾಕಲಿ?

ಮುಂಬೈ ಪಕ್ಕದ ಠಾಣೆ ಊರಿನಲ್ಲಿ ನಿಮ್ಮ ಅಂಗಡಿ; ಬೋರ್ಡು, ಮೆನು, ಪಾರ್ಸಲ್ ಡಬ್ಬಿಯ ಸ್ಟಿಕರ್ ಮೂರಕ್ಕೂ ತುಂಟ ಅಕ್ಷರ ಬೇಕು ಅಂದಿರಿ. ಹಾಗಾದರೆ ಮೊದಲು ಮರಾಠಿಯದ್ದು ಯೋಚಿಸಿ. ಮಹಾರಾಷ್ಟ್ರದಲ್ಲಿ ಅಂಗಡಿಯ ಹೆಸರು ದೇವನಾಗರಿಯಲ್ಲಿ ಇರಲೇಬೇಕು, ಬೇರೆ ಲಿಪಿ ಅದಕ್ಕಿಂತ ದೊಡ್ಡದಾಗುವಂತಿಲ್ಲ. 2022ರ ತಿದ್ದುಪಡಿಯಾದ ಮೇಲೆ ಹತ್ತು ಜನ ಕೆಲಸಗಾರರೂ ಇಲ್ಲದ ಸಣ್ಣ ಅಂಗಡಿಗೂ ಇದೇ ನಿಯಮ.

ಅದಕ್ಕೇ ಬೋರ್ಡಿಗೆ ಬಾಲೂ ತಮ್ಮ 2 ಹಾಕಿ. ಮುಂಬೈಯ ಏಕ್ ಟೈಪ್ ಎಂಬ ಫಾಂಟ್ ತಯಾರಕರದ್ದು. ಜೊತೆಯ ಬಾಲೂ 2ರಲ್ಲಿ ದೇವನಾಗರಿ ಇದೆ, ಎರಡೂ ಒಂದೇ ಕೈ ಬರೆದಂತೆ ಕಾಣುತ್ತವೆ. ರೆಗ್ಯುಲರ್‌ನಿಂದ ಎಕ್ಸ್‌ಟ್ರಾ ಬೋಲ್ಡ್ ತನಕ ಐದು ದಪ್ಪ. ನಿಜ ಹೇಳಬೇಕೆಂದರೆ ಇದು ಕೈಬರಹಕ್ಕಿಂತ ಗುಂಡುಗುಂಡಗಿನ ಅಕ್ಷರ. ಕೈಯ ಲಯ ಬೇಕೇ ಬೇಕೆಂದರೆ ಅಕಾಯ ಕನಡಕ ಚೆಂದ, ಆದರೆ ಒಂದೇ ದಪ್ಪ, ದೇವನಾಗರಿ ಇಲ್ಲ. ಸ್ಟಿಕರಿಗೆ, ಮೆನುವಿನ ತಲೆಬರಹಕ್ಕೆ ಇಟ್ಟುಕೊಳ್ಳಿ. ಎರಡೂ ಗೂಗಲ್ ಫಾಂಟ್ಸ್‌ನಲ್ಲಿ ಪುಕ್ಕಟೆ, ವ್ಯಾಪಾರಕ್ಕೂ ಬಳಸಬಹುದು. ಮೆನುವಿನ ಒಳಗಿನ ಸಾಲುಗಳಿಗೆ ಮಾತ್ರ ತುಂಟಾಟ ಬೇಡ, ನೋಟೋ ಸಾನ್ಸ್ ಕನ್ನಡ ಸಾಕು.

ಫಾಂಟ್ ಪರೀಕ್ಷಿಸಲು ನಿಮ್ಮದೇ ತಿಂಡಿಗಳ ಹೆಸರು ಟೈಪ್ ಮಾಡಿ: ಉಪ್ಪಿಟ್ಟು, ಗೊಜ್ಜವಲಕ್ಕಿ, ಶ್ಯಾವಿಗೆ, ಮಿರ್ಚಿ. ಒತ್ತಕ್ಷರ ಕೆಳಗಿನ ಸಾಲಿನ ಗುಡಿಸಿಗೆ ತಾಗಬಾರದು. 20 ಪಾಯಿಂಟ್ ಅಕ್ಷರಕ್ಕೆ ಸಾಲಿನ ಅಂತರ 32 ಆದರೂ ಇರಲಿ. ಟ್ರ್ಯಾಕಿಂಗ್ (ಅಕ್ಷರಗಳ ನಡುವಿನ ಅಂತರ) ಸೊನ್ನೆಯಲ್ಲೇ ಬಿಡಿ, ಹಿಗ್ಗಿಸಿದರೆ ಕೊಂಬು, ದೀರ್ಘಗಳು ಅಕ್ಷರ ಬಿಟ್ಟು ದೂರ ಸರಿಯುತ್ತವೆ.

ಕೆಡುವುದು ಹೆಚ್ಚಾಗಿ ಪ್ರಿಂಟಿಂಗ್ ಅಂಗಡಿಯಲ್ಲಿ. ಡಿಸೈನ್ ತಂತ್ರಾಂಶಗಳಾದ ಇಲಸ್ಟ್ರೇಟರ್, ಹಳೆಯ ಫೋಟೋಶಾಪ್‌ಗಳ ಪ್ಯಾರಾಗ್ರಾಫ್ ಪ್ಯಾನೆಲ್ ಮೆನುವಿನಲ್ಲಿ ದಕ್ಷಿಣ ಏಷ್ಯಾ ಭಾಷೆಗಳ ಕಂಪೋಸರ್ (ಒತ್ತಕ್ಷರ ಸರಿಯಾಗಿ ಜೋಡಿಸುವ ಆಯ್ಕೆ) ಆರಿಸದಿದ್ದರೆ ಉಪ್ಪಿಟ್ಟು ಹೋಗಿ ಉಪ್‌ಪಿಟ್‌ಟು ಆಗುತ್ತದೆ, ಕನ್ನಡ ಬಾರದ ಡಿಸೈನರಿಗೆ ಅದು ತಿಳಿಯುವುದೂ ಇಲ್ಲ. ನುಡಿ, ಬರಹ ತಂತ್ರಾಂಶಗಳ ಹಳೆಯ ಆಸ್ಕಿ ಪಠ್ಯ (ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡ ಕೂರಿಸಿದ್ದು) ಕೊಟ್ಟರಂತೂ ಬರೀ ಇಂಗ್ಲಿಷ್ ಅಕ್ಷರಗಳ ಕಸ. ಮೊದಲೇ ಯೂನಿಕೋಡ್ ಮಾಡಿಕೊಳ್ಳಿ. ನೀವೇ ಟೈಪ್ ಮಾಡಿ, ಇಲಸ್ಟ್ರೇಟರಿನಲ್ಲಿ ಕಂಟ್ರೋಲ್-ಶಿಫ್ಟ್-ಓ ಒತ್ತಿ ಔಟ್‌ಲೈನ್ ಮಾಡಿದ, ಅಂದರೆ ಅಕ್ಷರಗಳನ್ನು ಬರೀ ಆಕಾರಗಳಾಗಿಸಿದ, ಪಿಡಿಎಫ್ ಕೊಡುವುದು ಕ್ಷೇಮ. ಔಟ್‌ಲೈನ್ ಆದ ಮೇಲೆ ಬೆಲೆ ತಿದ್ದಲಾಗದು, ಹಾಗಾಗಿ ಮೂಲ ಫೈಲ್ ಬೇರೆ ಇಟ್ಟಿರಿ. ವಿನೈಲ್ ಹಾಳೆಯಲ್ಲಿ ಅಕ್ಷರ ಕತ್ತರಿಸುವುದಾದರೆ ಇಲಸ್ಟ್ರೇಟರಿನ ಪಾತ್‌ಫೈಂಡರ್ ಪ್ಯಾನೆಲ್‌ನಲ್ಲಿ ಯುನೈಟ್ ಒತ್ತಿ ಆಕಾರಗಳನ್ನು ಒಂದಾಗಿಸಿ. ಇಲ್ಲದಿದ್ದರೆ ಗೆರೆಗಳು ಒಂದರ ಮೇಲೊಂದು ಬಂದಲ್ಲೆಲ್ಲ ಬ್ಲೇಡು ಅಕ್ಷರದ ಹೊಟ್ಟೆಯನ್ನೇ ಸೀಳುತ್ತದೆ.

ಅಳತೆಗೆ ಬೋರ್ಡಿನವರ ಅಂದಾಜು: ಹತ್ತು ಅಡಿ ದೂರಕ್ಕೆ ಒಂದು ಇಂಚು ಎತ್ತರ. ನಲವತ್ತು ಅಡಿ ಆಚೆಯಿಂದ ಓದಬೇಕಾದರೆ ನಾಲ್ಕು ಇಂಚು, ಅದೂ ಒತ್ತು ಬಿಟ್ಟು ಮೂಲ ಅಕ್ಷರದ್ದು. ಅಕ್ರಿಲಿಕ್ ಅಕ್ಷರವಾದರೆ ಒತ್ತುಗಳು ಬಿಡಿ ತುಂಡಾಗಿ ಬರುತ್ತವೆ. ಪೂರ್ತಿ ಅಳತೆಯ ಕಾಗದದ ಪ್ರಿಂಟ್ ಗೋಡೆಗೆ ಅಂಟಿಸಿ, ಅದರ ಮೇಲೇ ಕೂರಿಸಲು ಹೇಳಿ. ಇಲ್ಲದಿದ್ದರೆ ಪಕಾರದ ಒತ್ತು ಟಕಾರದ ಕೆಳಗೆ ಕೂತಿರುತ್ತದೆ.