ಅಡುಗೆಮನೆ ಪ್ರಶ್ನೋತ್ತರ: ಕೊಬ್ಬರಿ ಎಣ್ಣೆ ಎಲ್ಲಿಗೆ, ಬೇರೆ ಎಣ್ಣೆ ಎಲ್ಲಿಗೆ

2025ರಲ್ಲಿ ಕೊಬ್ಬರಿ ಎಣ್ಣೆಯ ಬೆಲೆ ಕಿಲೋಗೆ 400 ರೂಪಾಯಿ ದಾಟಿದ ಮೇಲೆ ಕರಾವಳಿಯ ಮನೆಗಳಲ್ಲೂ ಅಳೆದು ಸುರಿದು ಬಳಸುವ ಹಾಗಾಗಿದೆ. ಈ ಸಲದ ಪತ್ರಗಳಲ್ಲಿ ಹೆಚ್ಚಿನವು ಅದರ ಬಗ್ಗೆಯೇ. ಒಂದೇ ಬಗೆಯ ಪ್ರಶ್ನೆಗಳನ್ನು ಸೇರಿಸಿ ಉತ್ತರಿಸಿದ್ದೇವೆ.

ಪ್ರಶ್ನೆ: ನಾನು ಹುಬ್ಬಳ್ಳಿಯವಳು, ಮದುವೆಯಾಗಿ ಉಡುಪಿಗೆ ಬಂದಿದ್ದೇನೆ. ಶೇಂಗಾ ಎಣ್ಣೆಯಲ್ಲಿ ಒಗ್ಗರಣೆ ಹಾಕಿ ರೂಢಿ. ಇಲ್ಲಿ ಗಾಣದ ಕೊಬ್ಬರಿ ಎಣ್ಣೆ. ಸಾಸಿವೆ ಹಾಕುವ ಮೊದಲೇ ಹೊಗೆ ಬಂದು ಒಗ್ಗರಣೆ ಕಹಿಯಾಗುತ್ತದೆ. ಎಣ್ಣೆ ಸರಿ ಇಲ್ಲವೇ? ಇದನ್ನು ಯಾವ ಅಡುಗೆಗೆ ಬಳಸಬೇಕು?
— ಓದುಗರು, ಉಡುಪಿ

ಉತ್ತರ: ಎಣ್ಣೆಯಲ್ಲಿ ದೋಷವಿಲ್ಲ, ಉರಿ ಹೆಚ್ಚಾಗಿದೆ. ಅಂಗಡಿಯ ರಿಫೈನ್ಡ್ ಶೇಂಗಾ ಎಣ್ಣೆ ಸುಮಾರು 230 ಡಿಗ್ರಿ ಸೆಲ್ಸಿಯಸ್‌ವರೆಗೆ ತಡೆಯುತ್ತದೆ. ಗಾಣದ ಕೊಬ್ಬರಿ ಎಣ್ಣೆ 175 ಡಿಗ್ರಿಯ ಆಸುಪಾಸಿನಲ್ಲೇ ಹೊಗೆಯಾಡುತ್ತದೆ. ಅದರಲ್ಲಿರುವ ಕೊಬ್ಬಿನ ಆಮ್ಲಗಳು ಹಗುರ, ಬೇಗ ಆವಿಯಾಗುತ್ತವೆ. ಜೊತೆಗೆ ಗಾಣದ ಎಣ್ಣೆಯಲ್ಲಿ ಉಳಿಯುವ ಕೊಬ್ಬರಿಯ ನುಣ್ಣನೆ ಗಷ್ಟು ಎಲ್ಲಕ್ಕಿಂತ ಮೊದಲು ಸುಡುತ್ತದೆ. ನಿಮಗೆ ಸಿಕ್ಕ ಕಹಿ ಬಹುಪಾಲು ಆ ಗಷ್ಟಿನದು.

ಎರಡು ಚಮಚ ಎಣ್ಣೆಯನ್ನು ಸಣ್ಣ ಉರಿಯಲ್ಲಿಡಿ. ಒಂದೇ ಒಂದು ಸಾಸಿವೆ ಕಾಳು ಹಾಕಿ. ಎರಡು ಮೂರು ಸೆಕೆಂಡಿನಲ್ಲಿ ಅದು ಸಿಡಿದರೆ ಉಳಿದದ್ದನ್ನೂ ಹಾಕಿ. ಸಿಡಿತ ಅರ್ಧಕ್ಕೆ ಬಂದಾಗ ಒಣಮೆಣಸಿನ ಚೂರು, ಉರಿ ಆರಿಸಿದ ಮೇಲೆ ಕರಿಬೇವು, ಇಂಗು. ಕಬ್ಬಿಣದ ಒಗ್ಗರಣೆ ಸೌಟು ಉರಿ ಆರಿಸಿದ ಮೇಲೂ ಅರ್ಧ ನಿಮಿಷ ಕಾವು ಹಿಡಿದಿರುತ್ತದೆ, ಹಾಗಾಗಿ ಕರಿಬೇವಿಗೆ ಅಷ್ಟೇ ಸಾಕು. ಬೆಳ್ಳುಳ್ಳಿ ಒಗ್ಗರಣೆಯಾದರೆ ಜಜ್ಜಿದ ಎಸಳನ್ನು ಎಣ್ಣೆ ಬಿಸಿಯಾಗುವ ಮೊದಲೇ ಹಾಕಿ, ನಿಧಾನಕ್ಕೆ ಕೆಂಪಾಗಲಿ.

ಎಲ್ಲಿ ಬಳಸಬೇಕು ಎಂಬುದಕ್ಕೆ ಒಂದು ಗುರುತು ಇಟ್ಟುಕೊಳ್ಳಿ: ಕಾಯಿ ಅರೆದು ಹಾಕಿದ ಪದಾರ್ಥಕ್ಕೆಲ್ಲ ಕೊಬ್ಬರಿ ಎಣ್ಣೆ ಹೊಂದುತ್ತದೆ. ಮಜ್ಜಿಗೆ ಹುಳಿ, ಮೀನು ಸಾರು, ಕಾಯಿ ಹಾಕಿದ ಪಲ್ಯ, ಚಟ್ನಿ, ತಂಬುಳಿ. ನೀರುದೋಸೆಯ ಕಾವಲಿಗೂ ಇದೇ ಸರಿ. ಕೆಲವಕ್ಕಂತೂ ಬಿಸಿಯೇ ಬೇಡ. ಸುಟ್ಟ ಬದನೆಕಾಯಿ ಗೊಜ್ಜಿಗೆ, ಅವಿಯಲಿಗೆ ಕೊನೆಯಲ್ಲಿ ಹಸಿ ಎಣ್ಣೆ ಒಂದು ಚಮಚ ಮೇಲಿನಿಂದ ಬಿಟ್ಟು ಮುಚ್ಚಿಟ್ಟರೆ ಪರಿಮಳ ಉಳಿಯುತ್ತದೆ. ಕುದಿಯುವಾಗಲೇ ಸುರಿದರೆ ಆ ಪರಿಮಳವೆಲ್ಲ ಆವಿಯಲ್ಲಿ ಹೋಗುತ್ತದೆ, ಮೂರು ಚಮಚ ಹಾಕಿದರೂ ಒಂದು ಚಮಚದ ರುಚಿ ಬರುವುದಿಲ್ಲ. ಬೆಲೆ ಏರಿದ ಈ ಹೊತ್ತಿನಲ್ಲಿ ಇದು ಗಮನಿಸಬೇಕಾದ ಮಾತು.

ನಿಮ್ಮ ಊರಿನ ಎಣ್ಣೆಗಾಯಿಗೆ ಮಾತ್ರ ಕೊಬ್ಬರಿ ಎಣ್ಣೆ ಬೇಡ. ಶೇಂಗಾ, ಗುರೆಳ್ಳು, ಎಳ್ಳಿನ ಮಸಾಲೆಗೆ ಶೇಂಗಾ ಎಣ್ಣೆಯೇ ಜೋಡಿ. ಕೊಬ್ಬರಿ ಎಣ್ಣೆಯ ವಾಸನೆ ಗುರೆಳ್ಳಿನ ಮೇಲೆ ಕೂತು ಎರಡೂ ಕೆಡುತ್ತವೆ.

ಪ್ರಶ್ನೆ: ಅಂಗಡಿಯಲ್ಲಿ ಗಾಣದ್ದು, ಡಬಲ್ ಫಿಲ್ಟರ್ಡ್, ರಿಫೈನ್ಡ್, ವರ್ಜಿನ್ ಎಂದು ನಾಲ್ಕು ಬಗೆ ಇಟ್ಟಿದ್ದಾರೆ. ತಲೆಗೆ ಹಚ್ಚುವ ಸಣ್ಣ ಬಾಟಲಿಯ ಎಣ್ಣೆಯನ್ನು ಅಡುಗೆಗೆ ಬಳಸಬಹುದೇ?
— ಓದುಗರು, ಮೈಸೂರು

ಉತ್ತರ: ಗಾಣದ್ದು ಎಂದರೆ ಒಣ ಕೊಬ್ಬರಿಯನ್ನು ಮರದ ಅಥವಾ ಕಬ್ಬಿಣದ ಗಾಣದಲ್ಲಿ ನಿಧಾನಕ್ಕೆ ಅರೆದು ತೆಗೆದದ್ದು. ಬಣ್ಣ ತುಸು ಹಳದಿ, ಹುರಿದ ಕೊಬ್ಬರಿಯ ಘಮ. ಫಿಲ್ಟರ್ಡ್ ಎಣ್ಣೆ ಸಾಮಾನ್ಯವಾಗಿ ಎಕ್ಸ್‌ಪೆಲ್ಲರ್ ಎಂಬ ಹಿಂಡುವ ಯಂತ್ರದ್ದು, ಬಟ್ಟೆಯಲ್ಲಿ ಸೋಸಿದ್ದು. ‘ಡಬಲ್’ ಎಂದರೆ ಎರಡು ಸಲ ಸೋಸಿದ್ದು ಅಷ್ಟೇ, ಬೇರೆ ಸಂಸ್ಕಾರವಿಲ್ಲ. ರಿಫೈನ್ಡ್ ಎಣ್ಣೆಯಲ್ಲಿ ಆಮ್ಲ, ಬಣ್ಣ, ವಾಸನೆ ತೆಗೆದಿರುತ್ತಾರೆ. ಅದು 200 ಡಿಗ್ರಿ ದಾಟಿದರೂ ತಡೆಯುತ್ತದೆ, ಆದರೆ ಘಮವಿಲ್ಲ. ವರ್ಜಿನ್ ಎಣ್ಣೆ ಕೊಬ್ಬರಿಯಿಂದಲ್ಲ, ಹಸಿ ತೆಂಗಿನಕಾಯಿಯಿಂದ ತೆಗೆಯುವುದು. ನೀರಿನಷ್ಟು ತಿಳಿ, ಹಸಿ ಕಾಯಿಯ ಪರಿಮಳ. ಕರಿಯುವುದಕ್ಕೆ ಅಷ್ಟು ದುಬಾರಿ ಎಣ್ಣೆ ಸುರಿಯುವುದು ದಂಡ. ದಿನದ ಒಗ್ಗರಣೆಗೆ ಫಿಲ್ಟರ್ಡ್ ಎಣ್ಣೆ ಸಾಕೆಂದು ನಮ್ಮ ಸಲಹೆ.

ಸಣ್ಣ ಬಾಟಲಿಯ ವಿಚಾರದಲ್ಲಿ ಗಾತ್ರಕ್ಕಿಂತ ಲೇಬಲ್ ಮುಖ್ಯ. ಸಣ್ಣ ಬಾಟಲಿಯ ಶುದ್ಧ ಕೊಬ್ಬರಿ ಎಣ್ಣೆ ಖಾದ್ಯ ತೈಲವೋ ಕೇಶ ತೈಲವೋ ಎಂಬ ತೆರಿಗೆ ವ್ಯಾಜ್ಯ ವರ್ಷಗಟ್ಟಲೆ ನಡೆದು, 2024ರ ಡಿಸೆಂಬರ್ 18ರಂದು ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು: ಪೊಟ್ಟಣ ಸಣ್ಣದು ಎಂಬ ಒಂದೇ ಕಾರಣಕ್ಕೆ ಅದು ಕೇಶ ತೈಲವಾಗುವುದಿಲ್ಲ. ನೀವು ನೋಡಬೇಕಾದದ್ದು ಖಾದ್ಯ ತೈಲ ಎಂಬ ಬರಹ, ಹಸಿರು ಚುಕ್ಕೆ, ಆಹಾರ ಸುರಕ್ಷತಾ ಪ್ರಾಧಿಕಾರದ 14 ಅಂಕಿಯ ಪರವಾನಗಿ ಸಂಖ್ಯೆ. ಇವಿದ್ದರೆ ಅಡುಗೆಗೆ ಸರಿ. ಕೇಶ ತೈಲ ಎಂದು ಬರೆದಿದ್ದರೆ ಬೇಡ, ಅದರಲ್ಲಿ ಸುಗಂಧವೋ ಮಿನರಲ್ ಎಣ್ಣೆಯೋ ಇರಬಹುದು.

ಬೆಲೆ ಹೋಲಿಸುವಾಗ ಇನ್ನೊಂದು ಎಚ್ಚರ. ಮಿಲ್ಲಿನವರು ಕಿಲೋ ಲೆಕ್ಕದಲ್ಲಿ ಕೊಡುತ್ತಾರೆ, ಪ್ಯಾಕೆಟ್ ಲೀಟರ್ ಲೆಕ್ಕದಲ್ಲಿರುತ್ತದೆ. ಒಂದು ಲೀಟರ್ ಕೊಬ್ಬರಿ ಎಣ್ಣೆ ತೂಗುವುದು ಸುಮಾರು 915 ಗ್ರಾಂ. ಲೀಟರಿಗೆ 410 ರೂಪಾಯಿ ಎಂದರೆ ಕಿಲೋಗೆ 448 ರೂಪಾಯಿ ಬೀಳುತ್ತದೆ. ಮಿಲ್ಲಿನಲ್ಲಿ ಕಿಲೋಗೆ 440 ಕೇಳಿದರೆ ಅದೇ ಅಗ್ಗ.

ಪ್ರಶ್ನೆ: ಫ್ರಿಜ್ಜಿನಲ್ಲಿಟ್ಟು ಗಟ್ಟಿಯಾದರೆ ಶುದ್ಧ ಎನ್ನುತ್ತಾರೆ. ನಂಬಬಹುದೇ?
— ಓದುಗರು, ಶಿವಮೊಗ್ಗ

ಉತ್ತರ: ಅರ್ಧ ನಂಬಬಹುದು. ಗಾಜಿನ ಲೋಟದಲ್ಲಿ ಎಣ್ಣೆ ಹಾಕಿ ಫ್ರಿಜ್ಜಿನ ಕೆಳಗಿನ ಭಾಗದಲ್ಲಿಡಿ, ಫ್ರೀಜರಿನಲ್ಲಿ ಬೇಡ. ಅರ್ಧ ಗಂಟೆಯಿಂದ ಒಂದು ಗಂಟೆಯೊಳಗೆ ಕೊಬ್ಬರಿ ಎಣ್ಣೆ ಬೆಳ್ಳಗೆ ಗಟ್ಟಿಯಾಗುತ್ತದೆ. ಸೂರ್ಯಕಾಂತಿಯಂಥ ಎಣ್ಣೆಯನ್ನೋ ಪ್ಯಾರಾಫಿನ್ನನ್ನೋ ಸಾಕಷ್ಟು ಬೆರೆಸಿದ್ದರೆ ಅದು ತೆಳ್ಳಗೆ ಬೇರೆ ಪದರವಾಗಿ ನಿಲ್ಲುತ್ತದೆ. ಆದರೆ ತಾಳೆ ಬೀಜದ ಎಣ್ಣೆ ಬೆರೆಸಿದ್ದರೆ ಈ ಪರೀಕ್ಷೆ ಏನನ್ನೂ ಹೇಳುವುದಿಲ್ಲ. ಕೊಬ್ಬರಿ ಎಣ್ಣೆಯ ಹಾಗೆ ತಾಳೆ ಬೀಜದ ಎಣ್ಣೆಯಲ್ಲೂ ಲಾರಿಕ್ ಎಂಬ ಕೊಬ್ಬಿನ ಆಮ್ಲವೇ ಹೆಚ್ಚು, ಅದೂ ಹಾಗೆಯೇ ಹೆಪ್ಪುಗಟ್ಟುತ್ತದೆ. ಅದನ್ನು ಹಿಡಿಯುವುದು ಪ್ರಯೋಗಾಲಯದ ಅಯೋಡಿನ್ ಮೌಲ್ಯ, ಅಂದರೆ ಎಣ್ಣೆ ಎಷ್ಟು ಅಯೋಡಿನ್ ಹೀರುತ್ತದೆ ಎಂಬ ಅಳತೆ: ಕೊಬ್ಬರಿ ಎಣ್ಣೆಯದು 7.5ರಿಂದ 10ರ ಒಳಗಿರಬೇಕು, ತಾಳೆ ಬೀಜದ್ದು ಅದಕ್ಕಿಂತ ಮೇಲೆ. ಮನೆಯಲ್ಲಿ ಮಾಡಬಹುದಾದ ಲೆಕ್ಕ ಒಂದಿದೆ. ಒಂದು ಕಿಲೋ ಎಣ್ಣೆಗೆ ಒಂದೂವರೆ ಕಿಲೋಗಿಂತ ಹೆಚ್ಚು ಕೊಬ್ಬರಿ ಬೇಕು. ಅಷ್ಟು ಕೊಬ್ಬರಿಯ ಬೆಲೆಗಿಂತ ಬಹಳ ಕಡಿಮೆಗೆ ಎಣ್ಣೆ ಸಿಗುತ್ತಿದ್ದರೆ ಅದು ಬರೀ ಕೊಬ್ಬರಿ ಎಣ್ಣೆ ಆಗಿರಲಾರದು.

ಪ್ರಶ್ನೆ: ನಮ್ಮದು ತೆಂಗಿನ ತೋಟ. ಸ್ವಂತ ಕೊಬ್ಬರಿಯಿಂದ ಎಣ್ಣೆ ಮಾಡಿಸಿದರೆ ಎರಡೇ ತಿಂಗಳಿಗೆ ಮುಗ್ಗಲು ವಾಸನೆ, ಬಾಯಿಗೆ ಸೋಪಿನ ರುಚಿ. ಉಂಡೆ ಕೊಬ್ಬರಿಯನ್ನೇ ಗಾಣಕ್ಕೆ ಹಾಕಿದರೆ ಚೆನ್ನವೇ?
— ಓದುಗರು, ಅರಸೀಕೆರೆ

ಉತ್ತರ: ಸೋಪಿನ ರುಚಿ ಎಂದಿರಿ, ಅದರಲ್ಲೇ ಉತ್ತರವಿದೆ. ಕೊಬ್ಬರಿ ಎಣ್ಣೆಯಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಲಾರಿಕ್ ಆಮ್ಲ. ನೀರಿನ ಪಸೆ ಸೇರಿದರೆ ಅದು ಎಣ್ಣೆಯಿಂದ ಬಿಡಿಸಿಕೊಳ್ಳುತ್ತದೆ, ಬಿಡಿಯಾದ ಲಾರಿಕ್ ಆಮ್ಲಕ್ಕೆ ಸೋಪಿನದೇ ರುಚಿ. ಸೂರ್ಯಕಾಂತಿ ಎಣ್ಣೆ ಕೆಡುವುದು ಮುಖ್ಯವಾಗಿ ಗಾಳಿಯಿಂದ, ಕೊಬ್ಬರಿ ಎಣ್ಣೆ ಕೆಡುವುದು ಮುಖ್ಯವಾಗಿ ನೀರಿನಿಂದ. ಹಾಗಾಗಿ ನಿಮ್ಮ ಕೊಬ್ಬರಿ ಒಣಗಿದ್ದು ಸಾಲದು.

ಹಸಿ ಕಾಯಿಯ ತಿರುಳಿನಲ್ಲಿ ತೂಕದ ಅರ್ಧದಷ್ಟು ನೀರೇ. ಗಾಣಕ್ಕೆ ಹೋಗುವಾಗ ಅದು ನೂರಕ್ಕೆ 6ಕ್ಕೆ ಇಳಿದಿರಬೇಕು. ಪೂರ್ತಿ ಬಲಿತ ಕಾಯಿಯನ್ನು ಒಡೆದು ಹೋಳುಗಳನ್ನು ಬಾಯಿ ಮೇಲಾಗಿ ಬಿಸಿಲಿಗಿಡಿ. ಎರಡು ಮೂರು ದಿನಕ್ಕೆ ತಿರುಳು ಚಿಪ್ಪು ಬಿಡುತ್ತದೆ. ಬಿಡಿಸಿ, ಮತ್ತೆ ನಾಲ್ಕೈದು ಒಳ್ಳೆ ಬಿಸಿಲು ಕೊಡಿ. ಸಂಜೆ ಇಬ್ಬನಿ ಬೀಳುವ ಮೊದಲೇ ಒಳಗೆ ತರಬೇಕು. ಅಂಗಳದಲ್ಲೇ ಗುಡ್ಡೆ ಮಾಡಿ ಟಾರ್ಪಾಲು ಹೊದೆಸಿದರೆ ರಾತ್ರಿ ಒಳಗೇ ಬೆವರಿ ಬೂಷ್ಟು ಹಿಡಿಯುತ್ತದೆ. ಹೆಚ್ಚಿನವರ ಕೊಬ್ಬರಿ ಕೆಡುವುದು ಇಲ್ಲೇ. ಒಣಗಿತೇ ಎಂದು ನೋಡಲು ಒಂದು ಹೋಳನ್ನು ಮುರಿಯಿರಿ. ಟಕ್ಕೆಂದು ಮುರಿದು ಒಳಗೆಲ್ಲ ಒಂದೇ ಬಣ್ಣವಿದ್ದರೆ ಸರಿ. ಬಾಗಿದರೆ, ನಡುವೆ ತೇವದ ಗೆರೆ ಕಂಡರೆ ಇನ್ನೊಂದು ದಿನ ಬೇಕು. ಹಳದಿ, ಹಸಿರು, ಕಪ್ಪು ಬೂಷ್ಟು ಕಂಡ ಹೋಳನ್ನು ಒರೆಸಿ ಹಾಕಬೇಡಿ, ಎಸೆಯಿರಿ. ಆ ಬೂಷ್ಟಿನಿಂದ ಅಫ್ಲಟಾಕ್ಸಿನ್ ಎಂಬ ವಿಷ ಎಣ್ಣೆಗೆ ಇಳಿಯುತ್ತದೆ. ಒಗ್ಗರಣೆಯ ಬಿಸಿಗೆ ಅದು ಹೋಗುವುದಿಲ್ಲ, ಗಾಣದ ಎಣ್ಣೆಗೆ ರಿಫೈನಿಂಗ್ ಸಹ ಇಲ್ಲ.

ಮಿಲ್ಲಿನಿಂದ ತಂದ ಎಣ್ಣೆಯನ್ನು ನೇರ ಡಬ್ಬಿಗೆ ತುಂಬಬೇಡಿ. ಸ್ಟೀಲ್ ಪಾತ್ರೆಯಲ್ಲಿ ಐದಾರು ದಿನ ಅಲುಗಾಡಿಸದೆ ಇಟ್ಟರೆ ಗಷ್ಟು ತಳಕ್ಕಿಳಿಯುತ್ತದೆ. ನೀರು ಹಿಡಿದಿಟ್ಟುಕೊಳ್ಳುವುದು ಈ ಗಷ್ಟೇ. ತಿಳಿಯನ್ನು ಬಗ್ಗಿಸಿ, ಸಣ್ಣ ಉರಿಯಲ್ಲಿ ಗುಳ್ಳೆ ನಿಲ್ಲುವವರೆಗೆ ಕಾಯಿಸಿ. ಹೊಗೆ ಬರಬಾರದು, ಗುಳ್ಳೆ ನಿಂತರೆ ನೀರು ಹೋಯಿತು ಎಂದೇ ಅರ್ಥ. ಆರಿದ ಮೇಲೆ ಸೋಸಿ, ಒಣಗಿದ ಸ್ಟೀಲ್ ಅಥವಾ ಗಾಜಿನ ಪಾತ್ರೆಗೆ ಕತ್ತಿನವರೆಗೆ ತುಂಬಿ. ದಿನಬಳಕೆಗೆ ಸಣ್ಣ ಬಾಟಲಿ ಬೇರೆ ಇರಲಿ, ಒದ್ದೆ ಚಮಚ ದೊಡ್ಡ ಡಬ್ಬಿಗೆ ಹೋಗಬಾರದು. ಹೀಗೆ ಮಾಡಿದರೆ ಆರು ತಿಂಗಳು ನಿಶ್ಚಿಂತೆ.

ಉಂಡೆ ಕೊಬ್ಬರಿಯನ್ನು ಗಾಣಕ್ಕೆ ಹಾಕಬೇಡಿ. ಎಂಟರಿಂದ ಹನ್ನೆರಡು ತಿಂಗಳು ಅಟ್ಟದ ಮೇಲೆ ಕಾಯ್ದು ಆದ ಉಂಡೆ ತಿನ್ನುವ ಕೊಬ್ಬರಿ, ಅದಕ್ಕೆ ತಿಪಟೂರು ಮಾರುಕಟ್ಟೆಯಲ್ಲಿ ಬೇರೆಯೇ ಬೆಲೆ. 2025ರ ಬೆಂಬಲ ಬೆಲೆಯೇ ಕ್ವಿಂಟಾಲಿಗೆ ಉಂಡೆಗೆ 12,100, ಗಾಣಕ್ಕೆ ಹೋಗುವ ಹೋಳು ಕೊಬ್ಬರಿಗೆ 11,582 ರೂಪಾಯಿ ಇತ್ತು. ಉಂಡೆಯನ್ನು ಮಾರಿ. ಸುಲಿಯುವಾಗ ಒಡೆದ, ಚೂರಾದ ಕೊಬ್ಬರಿಯಲ್ಲಿ ಬೂಷ್ಟಿಲ್ಲದ್ದನ್ನು ಆರಿಸಿ ಗಾಣಕ್ಕೆ ಕೊಡಿ. ಲೆಕ್ಕಕ್ಕೆ: ಏಳು ಕಾಯಿಗೆ ಹತ್ತಿರಹತ್ತಿರ ಒಂದು ಕಿಲೋ ಕೊಬ್ಬರಿ, ಅದರಿಂದ ಎಕ್ಸ್‌ಪೆಲ್ಲರಿನಲ್ಲಿ 600ರಿಂದ 650 ಗ್ರಾಂ ಎಣ್ಣೆ. ಮರದ ಗಾಣದಲ್ಲಿ ಸ್ವಲ್ಪ ಕಡಿಮೆ, ಉಳಿದದ್ದು ಹಿಂಡಿಯಲ್ಲಿ ಹಸುವಿಗೆ ಹೋಗುತ್ತದೆ.

ಪ್ರಶ್ನೆ: ಹಲಸಿನಕಾಯಿ ಚಿಪ್ಸ್ ಕರಿಯುವಾಗ ಕೊಬ್ಬರಿ ಎಣ್ಣೆ ಸಾಲದೆ ಸೂರ್ಯಕಾಂತಿ ಎಣ್ಣೆ ಸೇರಿಸಿದೆ. ನೊರೆ ಉಕ್ಕಿ ಬಾಣಲೆಯಿಂದ ಹೊರಗೆ ಬಂತು. ಕಲಬೆರಕೆಯೇ?
— ಓದುಗರು, ಪುತ್ತೂರು

ಉತ್ತರ: ಕಲಬೆರಕೆ ಎನ್ನಲು ಈ ನೊರೆ ಸಾಕ್ಷಿಯಲ್ಲ. ಎರಡೂ ಎಣ್ಣೆ ಶುದ್ಧವಾಗಿದ್ದರೂ ಹೀಗೆ ಆಗುತ್ತದೆ. ಕೊಬ್ಬರಿ ಎಣ್ಣೆಯ ಕೊಬ್ಬಿನ ಆಮ್ಲಗಳ ಸರಪಳಿ ಗಿಡ್ಡ, ಸೂರ್ಯಕಾಂತಿಯದು ಉದ್ದ. ಎರಡೂ ಬೆರೆತಾಗ ಹೋಳಿನಿಂದ ಹೊರಡುವ ನೀರಾವಿಯ ಗುಳ್ಳೆ ಬೇಗ ಒಡೆಯದೆ ಒಂದರ ಮೇಲೊಂದು ಪೇರಿಕೊಳ್ಳುತ್ತದೆ. ಉರಿಯ ಮೇಲೆ ಉಕ್ಕಿದರೆ ಬೆಂಕಿ ಹತ್ತುವ ಅಪಾಯವಿದೆ. ಕರಿಯುವಾಗ ಎಣ್ಣೆ ಒಂದೇ ಜಾತಿಯದಿರಲಿ, ಬಾಣಲೆ ಅರ್ಧಕ್ಕಿಂತ ಮೇಲೆ ತುಂಬದಿರಲಿ. ಕಡಿಮೆ ಬಿದ್ದರೆ ಸಣ್ಣ ಬಾಣಲೆಯಲ್ಲಿ ಸ್ವಲ್ಪ ಸ್ವಲ್ಪವೇ ಕರಿಯಿರಿ. ಬೆರೆತ ಎಣ್ಣೆಯನ್ನು ಚೆಲ್ಲಬೇಕಾಗಿಲ್ಲ, ಸೋಸಿಟ್ಟು ವಾರದೊಳಗೆ ಪಲ್ಯ, ಒಗ್ಗರಣೆಗೆ ಮುಗಿಸಿ.

ಚಿಪ್ಸ್‌ಗೆ ಕೊಬ್ಬರಿ ಎಣ್ಣೆಯೇ ಒಳ್ಳೆಯದು ಎಂಬ ಹಳಬರ ಮಾತಿಗೆ ಆಧಾರವಿದೆ. ಅದು ಗಾಳಿಗೆ ಸುಲಭಕ್ಕೆ ಕೆಡದ ಎಣ್ಣೆ, ಡಬ್ಬಿಯಲ್ಲಿಟ್ಟ ಚಿಪ್ಸ್‌ಗೆ ಜಡ್ಡು ವಾಸನೆ ತಡವಾಗಿ ಬರುತ್ತದೆ. ಒಲೆಯ ಸುತ್ತ, ಬಾಣಲೆಯ ಹೊರಗೆ ಅಂಟಾಗಿ ಗಟ್ಟಿಯಾಗುವ ಕಂದು ಜಿಗುಟು ಸಹ ಹೆಚ್ಚಾಗಿ ಸೂರ್ಯಕಾಂತಿಯಂಥ ಎಣ್ಣೆಯದು. ಕಾವು 160ರಿಂದ 170 ಡಿಗ್ರಿ ಇರಲಿ. ಥರ್ಮಾಮೀಟರ್ ಇಲ್ಲದಿದ್ದರೆ ಒಂದು ಹೋಳು ಹಾಕಿ ನೋಡಿ: ತಳಕ್ಕೆ ಮುಟ್ಟಿ ಕೂಡಲೇ ಮೇಲೆದ್ದರೆ ಸರಿ. ಹೊಗೆ ಕಂಡರೆ ಆಗಲೇ ಮೀರಿದೆ.

ಪ್ರಶ್ನೆ: ಡಾಕ್ಟರು ಕೊಬ್ಬರಿ ಎಣ್ಣೆ ಬಿಡಿ ಎಂದಿದ್ದಾರೆ. ವಾಟ್ಸಾಪಿನಲ್ಲಿ ಅದೇ ಅಮೃತ ಎಂದು ಬರುತ್ತದೆ. ಯಾವುದು ನಿಜ?
— ಓದುಗರು, ಮಂಗಳೂರು

ಉತ್ತರ: ನಿಮ್ಮ ರಕ್ತ ಪರೀಕ್ಷೆ ನೋಡಿದವರು ಡಾಕ್ಟರು, ಅವರ ಮಾತನ್ನೇ ಕೇಳಿ. ಕೊಬ್ಬರಿ ಎಣ್ಣೆಯಲ್ಲಿ ನೂರಕ್ಕೆ 90ರಷ್ಟು ಸ್ಯಾಚುರೇಟೆಡ್ ಕೊಬ್ಬು, ಅದು ಎಲ್‌ಡಿಎಲ್ ಎಂಬ ಕೆಟ್ಟ ಕೊಲೆಸ್ಟರಾಲನ್ನು ಏರಿಸುತ್ತದೆ. ಅಮೆರಿಕನ್ ಹಾರ್ಟ್ ಅಸೋಸಿಯೇಷನ್ 2017ರಲ್ಲೇ ಇದನ್ನು ಸ್ಪಷ್ಟವಾಗಿ ಹೇಳಿತು. ‘ಇದರಲ್ಲಿ ಎಂಸಿಟಿ (ಬೇಗ ಜೀರ್ಣವಾಗುವ ಮಧ್ಯಮ ಸರಪಳಿಯ ಕೊಬ್ಬು) ಇದೆ, ಕೊಬ್ಬಾಗುವುದಿಲ್ಲ’ ಎಂಬ ಮಾತು ಲಾರಿಕ್ ಆಮ್ಲಕ್ಕೆ ಸರಿಯಾಗಿ ಹೊಂದುವುದಿಲ್ಲ, ದೇಹ ಅದರ ಹೆಚ್ಚಿನ ಪಾಲನ್ನು ಬೇರೆ ಕೊಬ್ಬಿನ ಹಾಗೆಯೇ ಒಳಗೆ ತೆಗೆದುಕೊಳ್ಳುತ್ತದೆ.

ಲೆಕ್ಕ ಹಾಕೋಣ. ದಿನಕ್ಕೆ 2000 ಕ್ಯಾಲೊರಿ ಉಣ್ಣುವವರಿಗೆ ವಿಶ್ವ ಆರೋಗ್ಯ ಸಂಸ್ಥೆಯ ಶೇಕಡಾ 10ರ ಮಿತಿಯಂತೆ ಸ್ಯಾಚುರೇಟೆಡ್ ಕೊಬ್ಬು 22 ಗ್ರಾಂ. ಒಂದು ದೊಡ್ಡ ಚಮಚ, ಅಂದರೆ 14 ಗ್ರಾಂ ಕೊಬ್ಬರಿ ಎಣ್ಣೆಯಲ್ಲೇ 12 ಗ್ರಾಂ ಬಂತು. ಅಷ್ಟೇ ಶೇಂಗಾ ಎಣ್ಣೆಯಲ್ಲಿ ಎರಡೂವರೆ ಗ್ರಾಂ, ಎಳ್ಳೆಣ್ಣೆಯಲ್ಲಿ ಎರಡು. ಕರಾವಳಿಯವರು ಮರೆಯುವುದು ಅರೆದ ಕಾಯಿಯನ್ನು: 100 ಗ್ರಾಂ ಹಸಿ ಕಾಯಿತುರಿಯಲ್ಲಿ ಸುಮಾರು 30 ಗ್ರಾಂ ಸ್ಯಾಚುರೇಟೆಡ್ ಕೊಬ್ಬಿದೆ. ಎಣ್ಣೆ ಬದಲಾಯಿಸಿ ದಿನವೂ ಒಂದು ಕಡಿ ಕಾಯಿ ಅರೆದರೆ ಏನೂ ಉಳಿಯಲಿಲ್ಲ. ಕೊಲೆಸ್ಟರಾಲ್ ತೊಂದರೆ ಇಲ್ಲದ ಮನೆಯಲ್ಲಿ ಒಬ್ಬೊಬ್ಬರಿಗೆ ದಿನಕ್ಕೆ ಒಂದು ಸಣ್ಣ ಚಮಚ ಕೊಬ್ಬರಿ ಎಣ್ಣೆ, ಪರಿಮಳ ಬೇಕಾದ ಕಡೆ ಮಾತ್ರ, ಉಳಿದದ್ದಕ್ಕೆ ಶೇಂಗಾ ಅಥವಾ ಎಳ್ಳೆಣ್ಣೆ ಎಂಬುದು ನಾವು ಒಪ್ಪುವ ಅಳತೆ.

ಪ್ರಶ್ನೆ: ಚಳಿಗೆ ಎಣ್ಣೆ ಕಲ್ಲಾಗಿದೆ, ಕೆಟ್ಟಿತೇ? ಉಪ್ಪಿನಕಾಯಿಗೆ ಹಾಕಬಹುದೇ?
— ಓದುಗರು, ಟೊರಾಂಟೊ

ಉತ್ತರ: ಕೆಟ್ಟಿಲ್ಲ, 24 ಡಿಗ್ರಿಗಿಂತ ಕೆಳಗೆ ಅದು ಹೆಪ್ಪುಗಟ್ಟಲೇಬೇಕು. ಅಗಲ ಬಾಯಿಯ ಜಾಡಿಗೆ ಹಾಕಿಡಿ, ಒಣ ಚಮಚದಲ್ಲಿ ತೋಡಿಕೊಳ್ಳಿ. ಉಪ್ಪಿನಕಾಯಿಗೆ ಬೇಡ, ಮೇಲೆ ಬಿಳಿ ಪದರವಾಗಿ ಹೋಳಿನಿಂದ ಬೇರೆಯಾಗುತ್ತದೆ. ಚಳಿಯಲ್ಲೂ ಹರಿಯುವ ಎಳ್ಳೆಣ್ಣೆ ಹಾಕಿ. ಅಲ್ಲಿನ ಅಂಗಡಿಯ ವರ್ಜಿನ್ ಎಣ್ಣೆಯಲ್ಲಿ ಮಜ್ಜಿಗೆ ಹುಳಿ ಊರಿನ ಹಾಗೆ ಘಮಿಸದಿದ್ದರೆ ಅಚ್ಚರಿಯಿಲ್ಲ: ಅದು ಹಸಿ ಕಾಯಿಯ ಎಣ್ಣೆ, ನಿಮಗೆ ಬೇಕಾದದ್ದು ಒಣ ಕೊಬ್ಬರಿಯ ಘಮ. ಭಾರತದ ಸಾಮಾನಿನ ಅಂಗಡಿಯಲ್ಲಿ ಕೊಬ್ಬರಿಯಿಂದ ತೆಗೆದ, ರಿಫೈನ್ ಮಾಡದ ಖಾದ್ಯ ಎಣ್ಣೆ ಕೇಳಿ.