ರ‍್ಯಾಮ್ ಜಾಸ್ತಿ ಮಾಡಿಸಿ, ಎಸ್‌ಎಸ್‌ಡಿ ಹಾಕಿಸಿ, ವಿಂಡೋಸ್ 11 ಮಾಡಿಸಿದ ಮೇಲೂ ಹಳೇ ಲ್ಯಾಪ್‌ಟಾಪ್ ಯಾಕೆ ತೆವಳುತ್ತೆ?

ನೀವು ತಿಪಟೂರಿನಿಂದ ಕೇಳಿರೋದು ಇಷ್ಟು: 2015ರಲ್ಲಿ ತಗೊಂಡ ಲ್ಯಾಪ್‌ಟಾಪ್, ಐದನೇ ತಲೆಮಾರಿನ ಐ5 5200ಯು ಪ್ರೊಸೆಸರ್. 4 ಜಿಬಿ ರ‍್ಯಾಮ್ ಇದ್ದದ್ದಕ್ಕೆ ಇನ್ನೊಂದು 8 ಜಿಬಿ ಸೇರಿಸಿದ್ದೀರಿ. ಡಿವಿಡಿ ಡ್ರೈವ್ ಕಳಚಿ ಆ ಜಾಗದಲ್ಲಿ ಎಸ್‌ಎಸ್‌ಡಿ (ತಿರುಗೋ ಭಾಗ ಇಲ್ಲದ ವೇಗದ ಡಿಸ್ಕ್) ಕೂರಿಸಿದ್ದಾರೆ, ಹಳೇ ಹಾರ್ಡ್ ಡಿಸ್ಕ್ ಅದರ ಜಾಗದಲ್ಲೇ ಇದೆ. ವಿಂಡೋಸ್ 10 ಹೋಗಿ 11 ಬಂದಿದೆ. ಏಳು ಸಾವಿರ ಕೈಬಿಟ್ಟ ಮೇಲೂ ಮಗಳು ಲೆಕ್ಕ ಬರೆಯೋ ಟ್ಯಾಲಿ ತೆಗೆದರೆ ಅದು ತೆರೆಯೋ ಹೊತ್ತಿಗೆ ಕಾಫಿ ಕುಡಿದು ಲೋಟ ತೊಳೆದಿಡಬಹುದು. ಅಂಗಡಿಯವರು "ಮದರ್‌ಬೋರ್ಡ್ ವೀಕ್ ಆಗಿದೆ, ಹೊಸ ಲ್ಯಾಪ್‌ಟಾಪ್ ತಗೊಳ್ಳಿ" ಅಂದಿದ್ದಾರೆ.

ಮದರ್‌ಬೋರ್ಡ್ ವೀಕ್ ಆಗೋ ಕಾಯಿಲೆಯನ್ನ ನಾನಂತೂ ಇವತ್ತಿನವರೆಗೆ ನೋಡಿಲ್ಲ. ತುಮಕೂರಿನಲ್ಲಿ ಒಂದು ಸಣ್ಣ ಡಿಟಿಪಿ ಅಂಗಡಿ ಇಟ್ಕೊಂಡಿದ್ದೀನಿ. ಲಗ್ನಪತ್ರಿಕೆ, ಅರ್ಜಿ, ಪ್ರಾಜೆಕ್ಟ್ ರಿಪೋರ್ಟ್, ಇವೇ ನನ್ನ ಕಸುಬು. ರಿಪೇರಿ ನನ್ನ ವೃತ್ತಿ ಅಲ್ಲ. ಆದರೆ ನಿಮ್ಮ ಕಥೆಯನ್ನೇ ನಾನು ಒಂದು ಸಲ ಪೂರ್ತಿ ಅನುಭವಿಸಿರೋದರಿಂದ ಬರೀತಿದ್ದೀನಿ.

ಇನ್ನೊಂದು ರೂಪಾಯಿ ಬಿಚ್ಚೋ ಮೊದಲು ಒಂದು ಸಂಖ್ಯೆ ನೋಡಿ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರೂ ಕೀ ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ಬರುತ್ತೆ. ಪರ್ಫಾರ್ಮೆನ್ಸ್, ಅದರಲ್ಲಿ ಸಿಪಿಯು. ಗ್ರಾಫಿನ ಕೆಳಗೆ ಸ್ಪೀಡ್ ಅಂತ ದಪ್ಪಕ್ಷರದಲ್ಲಿರುತ್ತೆ, ಪಕ್ಕದಲ್ಲಿ ಬೇಸ್ ಸ್ಪೀಡ್ ಅಂತ ಸಣ್ಣದಾಗಿರುತ್ತೆ. ನಿಮ್ಮ ಪ್ರೊಸೆಸರಿನ ಬೇಸ್ ಸ್ಪೀಡ್ 2.20 ಗಿಗಾಹರ್ಟ್ಸ್, ಜೋರು ಹಿಡಿದರೆ 2.7ರವರೆಗೆ ಹೋಗಬೇಕು. ಸುಮ್ಮನೆ ಕೂತಿದ್ದಾಗ ಅದು ಕಮ್ಮಿ ತೋರಿಸೋದು ಸಹಜ, ಅದಕ್ಕೆ ಗಾಬರಿ ಬೇಡ. ಕ್ರೋಮ್‌ನಲ್ಲಿ ಏಳೆಂಟು ಪುಟ ಒಟ್ಟಿಗೆ ತೆರೆದು, ಒಂದು ವಿಡಿಯೋ ಹಚ್ಚಿ, ಆಗ ನೋಡಿ. ಕೆಲಸ ಬಿದ್ದಾಗಲೂ ಆ ಸಂಖ್ಯೆ ಒಂದರ ಕೆಳಗೇ ಅಲ್ಲಾಡದೆ ನಿಂತಿದ್ದರೆ ನಿಮ್ಮ ರ‍್ಯಾಮ್‌ದೂ ತಪ್ಪಿಲ್ಲ, ಎಸ್‌ಎಸ್‌ಡಿದೂ ತಪ್ಪಿಲ್ಲ. ಯಾರೋ ಪ್ರೊಸೆಸರಿನ ಕಾಲು ಕಟ್ಟಿದ್ದಾರೆ.

ನನ್ನದರಲ್ಲಿ ಅದು 0.78 ಇತ್ತು. ಐ5 4210ಯು, ಬೇಸ್ 1.70 ಇರಬೇಕಾದದ್ದು. ಆದರೆ ನಾನು ಆ ಸಂಖ್ಯೆ ನೋಡಿದ್ದು ಎಲ್ಲಾ ಖರ್ಚೂ ಮುಗಿದ ಮೇಲೆ. ಮೊದಲು ರ‍್ಯಾಮ್ ಹಾಕಿದೆ. ಆಗಲಿಲ್ಲ. ಬೆಂಗಳೂರಿನ ಎಸ್.ಪಿ. ರೋಡಿಗೆ ಹೋಗಿ ಎಸ್‌ಎಸ್‌ಡಿ ತಂದೆ. ಆನ್ ಆಗೋದು ಒಂಚೂರು ಬೇಗ ಆಯ್ತು, ಕೆಲಸ ಮಾತ್ರ ಹಳೇ ರಾಗ. ವಿಂಡೋಸನ್ನ ಎರಡು ಸಲ ಹೊಸದಾಗಿ ಹಾಕಿದೆ, ಎರಡು ಸಲವೂ ನುಡಿ, ಪ್ರಿಂಟರ್, ಸ್ಕ್ಯಾನರ್ ಎಲ್ಲ ಮೊದಲಿಂದ ಕೂರಿಸಿಕೊಂಡೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕ್ತಾರಲ್ಲ, ಹಾಗೆ.

ಕೊನೆಗೆ ಈ ಒಗಟು ಬಿಡಿಸಿದ್ದು ಕರೆಂಟು. ಒಂದು ಸಂಜೆ ಯಾರದೋ ಗೃಹಪ್ರವೇಶದ ಪತ್ರಿಕೆ ಮಾಡ್ತಿದ್ದೆ. ಗಣಪತಿ ಚಿತ್ರವನ್ನ ಮೂಲೆಯಿಂದ ಮಧ್ಯಕ್ಕೆ ಎಳೆದರೆ ಅದು ತೂಕಡಿಸಿಕೊಂಡು, ನಿಂತು ನಿಂತು ಬರೋದು. ಕರೆಂಟ್ ಹೋಯ್ತು. ಫ್ಯಾನ್ ನಿಂತಿತು, ಟ್ಯೂಬ್‌ಲೈಟ್ ಹೋಯ್ತು, ಲ್ಯಾಪ್‌ಟಾಪ್ ಬ್ಯಾಟರಿಯಲ್ಲಿ ಉಳೀತು. ನನ್ನ ಕೈ ಇನ್ನೂ ಮೌಸ್ ಮೇಲೇ ಇತ್ತು. ಗಣಪತಿ ಸರ್‍ರನೆ ಜಾರಿ ಮಧ್ಯಕ್ಕೆ ಬಂದು ಕೂತ! ಪುಟ ತಿರುವಿದೆ, ತಿರುಗಿತು. ಕ್ರೋಮ್ ತೆಗೆದೆ, ತೆರೀತು. ಐದು ನಿಮಿಷಕ್ಕೆ ಕರೆಂಟ್ ಬಂತು, ಮತ್ತೆ ಆಮೆ.

ತಪ್ಪು ಚಾರ್ಜರಿನದು. ಕೆಲವು ಕಂಪನಿಯ ಲ್ಯಾಪ್‌ಟಾಪ್‌ಗಳಲ್ಲಿ ಚಾರ್ಜರಿನ ದುಂಡನೆ ಮೂತಿಯೊಳಗೆ ಸೂಜಿಯಷ್ಟು ಸಣ್ಣ ಪಿನ್ ಇರುತ್ತೆ, ನೋಡಿದ್ದೀರಾ? ಅದು ಕರೆಂಟ್ ತರೋಕಲ್ಲ. "ನಾನು 65 ವ್ಯಾಟಿನವನು" ಅಂತ ಲ್ಯಾಪ್‌ಟಾಪಿಗೆ ಗುರುತು ಹೇಳೋ ತಂತಿ ಅದು. ಆ ಪಿನ್ ಬಾಗಿದರೂ, ಮೂತಿಯ ಹತ್ತಿರ ಆ ತೆಳು ತಂತಿ ಒಳಗೇ ತುಂಡಾದರೂ, ಡೂಪ್ಲಿಕೇಟ್ ಚಾರ್ಜರಿನಲ್ಲಿ ಆ ಗುರುತಿನ ಚಿಪ್ಪೇ ಇಲ್ಲದಿದ್ದರೂ ಲ್ಯಾಪ್‌ಟಾಪಿಗೆ ಅನುಮಾನ ಶುರು. ಇದು ಎಷ್ಟು ವ್ಯಾಟ್ ತಡೆಯುತ್ತೋ ಗೊತ್ತಿಲ್ಲ, ಯಾಕೆ ರಿಸ್ಕು ಅಂತ ಬ್ಯಾಟರಿ ಚಾರ್ಜ್ ಮಾಡೋದನ್ನ ನಿಲ್ಲಿಸುತ್ತೆ, ಪ್ರೊಸೆಸರನ್ನ ಕೆಳಗಿನ ವೇಗಕ್ಕೆ ಇಳಿಸಿ ಕಟ್ಟಿಹಾಕುತ್ತೆ. ನನ್ನ ಬ್ಯಾಟರಿ ಎಷ್ಟೋ ದಿನದಿಂದ 41 ಪರ್ಸೆಂಟ್‌ನಲ್ಲೇ ನಿಂತಿತ್ತು. ಹಳೇ ಬ್ಯಾಟರಿ, ಸತ್ತಿರಬೇಕು ಅಂತ ನಾನೇ ತೀರ್ಮಾನ ಮಾಡಿ ಸುಮ್ಮನಿದ್ದೆ. ಆನ್ ಮಾಡುವಾಗ ಒಂದು ಇಂಗ್ಲಿಷ್ ಎಚ್ಚರಿಕೆ ಬರ್ತಿತ್ತು, ಅದನ್ನೂ ದಿನಾ ಎಂಟರ್ ಹೊಡೆದು ಓಡಿಸ್ತಿದ್ದೆ. ಅಡಾಪ್ಟರ್ ಯಾವುದೆಂದು ಗೊತ್ತಾಗ್ತಿಲ್ಲ ಅಂತ ಅದು ಪಾಪ ದಿನಾ ಹೇಳ್ತಿತ್ತು.

ಹಾಗಾಗಿ ನೀವು ಮಾಡಬೇಕಾದ ಪರೀಕ್ಷೆ ಸುಲಭ: ಸ್ಪೀಡ್ ನೋಡ್ತಾ ಚಾರ್ಜರ್ ಕಿತ್ತುಬಿಡಿ. ಹತ್ತು ಸೆಕೆಂಡಿನಲ್ಲಿ ಸಂಖ್ಯೆ ಮೇಲಕ್ಕೆ ಹಾರಿದರೆ ಕಳ್ಳ ಸಿಕ್ಕಿದ. ಬ್ಯಾಟರಿ ಪೂರ್ತಿ ಸತ್ತಿದ್ದರೂ, ತೆಗೆದಿಟ್ಟಿದ್ದರೂ ಕೆಲವು ಲ್ಯಾಪ್‌ಟಾಪ್‌ಗಳು ಹೀಗೇ ಮಾಡ್ತವೆ. ಒಮ್ಮೆಲೇ ಜೋರು ಬೇಕಾದಾಗ ಚಾರ್ಜರಿಗೆ ಬ್ಯಾಟರಿ ಹೆಗಲು ಕೊಡಬೇಕು, ಅದಿಲ್ಲ ಅಂದ್ರೆ ವೇಗವನ್ನೇ ಇಳಿಸಿಬಿಡ್ತವೆ. ಥ್ರಾಟಲ್‌ಸ್ಟಾಪ್ ಅನ್ನೋ ಉಚಿತ ತಂತ್ರಾಂಶದಲ್ಲಿ ಈ ಕಟ್ಟನ್ನ ಬಲವಂತವಾಗಿ ಬಿಚ್ಚೋಕೂ ದಾರಿ ಇದೆ, "BD PROCHOT" ಅನ್ನೋ ಟಿಕ್ ತೆಗೆಯೋದು. ನಾನು ಮಾಡೋದಿಲ್ಲ. ಲ್ಯಾಪ್‌ಟಾಪಿನ ಬೇರೆ ಭಾಗಗಳು ನಿಜವಾಗಿಯೂ ಬಿಸಿಯಾಗಿ ಕೂಗಿದಾಗಲೂ ಆಗ ಪ್ರೊಸೆಸರ್ ಕೇಳಿಸಿಕೊಳ್ಳಲ್ಲ.

ಸ್ಪೀಡ್ ಸರಿಯಾಗಿದೆ, ಆದರೂ ನಿಧಾನ ಅಂದ್ರೆ ಡಿಸ್ಕ್ ನೋಡಿ. ನಿಮ್ಮ ವಿಷಯದಲ್ಲಿ ನನಗೆ ಇದರ ಮೇಲೇ ಜಾಸ್ತಿ ಅನುಮಾನ. ಅದೇ ಪರ್ಫಾರ್ಮೆನ್ಸ್ ಪುಟದಲ್ಲಿ ಡಿಸ್ಕ್ 0, ಡಿಸ್ಕ್ 1 ಅಂತ ಎರಡು ಇರುತ್ತೆ, ಪಕ್ಕದಲ್ಲಿ ಎಚ್‌ಡಿಡಿ (ಹಾರ್ಡ್ ಡಿಸ್ಕ್) ಅಥವಾ ಎಸ್‌ಎಸ್‌ಡಿ ಅಂತ ಬರೆದಿರುತ್ತೆ. ಸಿ ಡ್ರೈವ್ ಯಾವುದರ ಹೆಸರಿನ ಜೊತೆ ಇದೆ? ಎಚ್‌ಡಿಡಿ ಜೊತೆ ಇದ್ದರೆ, ಎಸ್‌ಎಸ್‌ಡಿ ನಿಮ್ಮ ಮನೆಗೆ ಬಂದಿದೆ ಅಷ್ಟೇ, ಸಂಸಾರ ಇನ್ನೂ ಹಳೇ ಹಾರ್ಡ್ ಡಿಸ್ಕ್ ಮೇಲೇ ನಡೀತಿದೆ. ಎಸ್‌ಎಸ್‌ಡಿ ಖಾಲಿ ಡಿ ಡ್ರೈವ್ ಆಗಿ ಕೂತಿರೋ ಲ್ಯಾಪ್‌ಟಾಪ್ ನಾನೇ ಮೂರು ನೋಡಿದ್ದೀನಿ. ಒಂದರಲ್ಲಂತೂ ಅದರೊಳಗೆ ಮದುವೆ ಫೋಟೋ ತುಂಬಿಟ್ಟಿದ್ದರು.

ಅಲ್ಲಿ ಶೇಕಡಾ 100 ಅಂತ ಹಸಿರು ಗ್ರಾಫ್ ತುಂಬಿಕೊಂಡು ನಿಂತಿದೆಯಾ ಅದನ್ನೂ ನೋಡಿ. ಹಾರ್ಡ್ ಡಿಸ್ಕ್ ಒಂದು ದೊಡ್ಡ ಫೈಲನ್ನ ಸೆಕೆಂಡಿಗೆ ಸುಮಾರು 100 ಎಂಬಿಯಂತೆ ಓದಬಲ್ಲದು, ಆದರೆ ವಿಂಡೋಸ್ ಕೇಳೋದು ಅಲ್ಲೊಂದು ಇಲ್ಲೊಂದು ಚೂರು. ಆಗ ಅದರ ಮುಳ್ಳು ಓಡಾಡಿಯೇ ಸುಸ್ತಾಗಿ ಸೆಕೆಂಡಿಗೆ ಒಂದು ಎಂಬಿಯನ್ನೂ ದಾಟೋದಿಲ್ಲ. ಓಡಾಡೋ ಮುಳ್ಳೇ ಇಲ್ಲದ ಎಸ್‌ಎಸ್‌ಡಿ ಗೆಲ್ಲೋದು ಇಲ್ಲೇ.

ಡಿವಿಡಿ ಜಾಗದ ವಿಷಯ: ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಡಿಸ್ಕಿನ ಮಾಹಿತಿ ಓಡಾಡೋ ಆ ಸಾಟಾ ದಾರಿ ಹಳೇ ಕಾಲದ್ದು, 6 ಗಿಗಾಬಿಟ್ ಬದಲು 3 ಅಥವಾ 1.5. ಡಿಸ್ಕಿನ ಸ್ಥಿತಿ ತೋರಿಸೋ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ತಂತ್ರಾಂಶ ಹಾಕಿಕೊಂಡರೆ ಟ್ರಾನ್ಸ್‌ಫರ್ ಮೋಡ್ ಅನ್ನೋ ಕಡೆ ಎರಡು ಸಂಖ್ಯೆ ತೋರಿಸುತ್ತೆ. ಎಡಗಡೆದು ಈಗ ಓಡ್ತಿರೋದು, ಬಲಗಡೆದು ಓಡಬಲ್ಲದ್ದು. 150, 600 ಅಂತಿದ್ದರೆ (ಅಂದರೆ 1.5ರ ದಾರಿಯಲ್ಲಿ ಓಡ್ತಿದೆ) ಎಸ್‌ಎಸ್‌ಡಿಯನ್ನ ಹಾರ್ಡ್ ಡಿಸ್ಕ್ ಜಾಗಕ್ಕೆ, ಹಾರ್ಡ್ ಡಿಸ್ಕನ್ನ ಡಿವಿಡಿ ಜಾಗಕ್ಕೆ ಅದಲು ಬದಲು ಮಾಡಿಸಿ. ಆದರೆ ಕಾಫಿ ಕುಡಿದು ಬರೋಷ್ಟು ನಿಧಾನಕ್ಕೆ ಇದೊಂದೇ ಕಾರಣ ಆಗಲಾರದು, 150ರಲ್ಲಿ ಓಡೋ ಎಸ್‌ಎಸ್‌ಡಿಯೂ ಹಾರ್ಡ್ ಡಿಸ್ಕಿಗಿಂತ ಎಷ್ಟೋ ಮೇಲು. ಅದೇ ತಂತ್ರಾಂಶದಲ್ಲಿ ಹಳೇ ಹಾರ್ಡ್ ಡಿಸ್ಕ್ ಪಕ್ಕ ಹಳದಿ ಬಣ್ಣದಲ್ಲಿ ಕಾಷನ್ ಅಂತ ಬಂದಿದ್ದರೆ ಫೋಟೋ, ಕಾಗದಪತ್ರ ಎಲ್ಲ ಇವತ್ತೇ ಬೇರೆ ಕಡೆ ಕಾಪಿ ಮಾಡಿ, ಅದನ್ನ ಕಳಚಿಬಿಡಿ. ಸಾಯ್ತಿರೋ ಡಿಸ್ಕ್ ಪಕ್ಕದಲ್ಲಿ ಸುಮ್ಮನೆ ಕೂತಿದ್ದರೂ ಅದರ ಉತ್ತರಕ್ಕೆ ಕಾದು ಇಡೀ ವಿಂಡೋಸ್ ಗರ ಬಡಿದಂತೆ ನಿಲ್ಲುತ್ತೆ.

ಮತ್ತೆ ವಿಂಡೋಸ್ ಹಾಕೋದಾದರೆ ಹಾರ್ಡ್ ಡಿಸ್ಕ್ ಬಿಚ್ಚಿಟ್ಟು, ಎಸ್‌ಎಸ್‌ಡಿ ಒಂದೇ ಇರುವಾಗ ಹಾಕಿಸಿ. ಇಲ್ಲದಿದ್ದರೆ ಬೂಟ್ ಆಗೋ ಸಣ್ಣ ಭಾಗ ಹಳೇ ಡಿಸ್ಕಿನಲ್ಲೇ ಉಳ್ಕೊಂಡು, ಮುಂದೊಂದು ದಿನ ಅದನ್ನ ತೆಗೆದಾಗ ಲ್ಯಾಪ್‌ಟಾಪ್ ಏಳೋದೇ ಇಲ್ಲ.

ಇನ್ನು ಬಿಸಿ. ತಿಪಟೂರು ಅಂದ ತಕ್ಷಣ ಇದು ನೆನಪಾಯ್ತು. ಅಲ್ಲಿ ಕೊಬ್ಬರಿ ಮನೆಯವರೊಬ್ಬರ ಲ್ಯಾಪ್‌ಟಾಪ್ ನನ್ನ ಹತ್ತಿರ ಬಂದಿತ್ತು. ಅಟ್ಟದ ಮೇಲೆ ಕಾಯಿ, ಕೆಳಗೆ ಸುಲಿಯೋ ಕೆಲಸ, ಪಕ್ಕದಲ್ಲಿ ಲ್ಯಾಪ್‌ಟಾಪ್. ಹಿಂದಿನ ಮುಚ್ಚಳ ಬಿಚ್ಚಿ ಫ್ಯಾನ್ ಎತ್ತಿದರೆ ಗಾಳಿ ಹೋಗೋ ದಾರಿಯೇ ಕಾಣಿಸಲಿಲ್ಲ. ಫ್ಯಾನಿಗೂ ತಾಮ್ರದ ರೆಕ್ಕೆಗಳಿಗೂ ಮಧ್ಯೆ ನಾರಿನ ಪುಡಿ, ಕೂದಲು, ಧೂಳು ಸೇರಿ ಕರಿಕಂಬಳಿ ತುಂಡಿನ ಹಾಗೆ ಒಂದು ಪದರ. ಚಿಮಟದಲ್ಲಿ ಹಿಡಿದು ಎಳೆದರೆ ಮುರೀದೆ ಪೂರ್ತಿ ಪಟ್ಟಿಯಾಗಿ ಬಂತು. ಸುಮ್ಮನಿದ್ದಾಗಲೂ 80 ಡಿಗ್ರಿ ತೋರಿಸ್ತಿದ್ದದ್ದು ಆಮೇಲೆ 50ರ ಆಸುಪಾಸಿಗೆ ಇಳೀತು. ಹೊರಗಿಂದ ಬ್ಲೋವರ್ ಹೊಡೆದಿದ್ದರೆ ಆ ಕಂಬಳಿ ಒಳಗೇ ಇನ್ನಷ್ಟು ಗಟ್ಟಿಯಾಗ್ತಿತ್ತು.

ನೀವೇ ಬಿಚ್ಚೋದಾದರೆ ಮೊದಲು ಬ್ಯಾಟರಿ ತಂತಿ ತೆಗೀರಿ. ಬ್ಲೋವರ್ ಹೊಡೆಯುವಾಗ ಫ್ಯಾನ್ ರೆಕ್ಕೆಗೆ ಒಂದು ಬೆರಳು ಅಡ್ಡ ಇಡಿ, ಗಿರಗಿರ ತಿರುಗೋಕೆ ಬಿಟ್ಟರೆ ಬೇರಿಂಗ್ ಹೋಗುತ್ತೆ. ಪ್ರೊಸೆಸರಿಗೂ ಅದರ ಬಿಸಿ ಹೊರಹಾಕೋ ಹೀಟ್‌ಸಿಂಕಿಗೂ ಮಧ್ಯೆ ಇರೋ ಹತ್ತು ವರ್ಷದ ಥರ್ಮಲ್ ಪೇಸ್ಟ್ ಒಣಗಿ ಸುಣ್ಣದ ಚಕ್ಕೆಯಂತಾಗಿರುತ್ತೆ, ಒರೆಸಿ ತೊಗರಿಬೇಳೆ ಗಾತ್ರದಷ್ಟು ಹೊಸದು ಇಟ್ಟರೆ ಸಾಕು. ಹೀಟ್‌ಸಿಂಕಿನ ಸ್ಕ್ರೂಗಳ ಪಕ್ಕ 1, 2, 3, 4 ಅಂತ ಕೆತ್ತಿದ್ದರೆ ಅದೇ ಕ್ರಮದಲ್ಲಿ ಸ್ವಲ್ಪ ಸ್ವಲ್ಪವೇ ಬಿಗಿ ಮಾಡಿ.

ವಿಂಡೋಸ್ 11 ಬಗ್ಗೆ ನನ್ನ ಅಭಿಪ್ರಾಯ ನಿಮಗೆ ಹಿಡಿಸದೇ ಇರಬಹುದು. ಮೈಕ್ರೋಸಾಫ್ಟ್ ಇದಕ್ಕೆ ಎಂಟನೇ ತಲೆಮಾರಿನ ಇಂಟೆಲ್ ಮತ್ತು ಟಿಪಿಎಂ 2.0 ಅನ್ನೋ ಸುರಕ್ಷತಾ ಚಿಪ್ಪು ಬೇಕು ಅಂತ ಹೇಳಿದೆ. ನಿಮ್ಮದು ಐದನೆಯದು, ಅಂದರೆ ಅಂಗಡಿಯವರು ತಪಾಸಣೆ ತಪ್ಪಿಸಿ ಹಾಕಿದ್ದಾರೆ. ಓಡುತ್ತೆ, ಇಲ್ಲ ಅನ್ನಲ್ಲ. ಆದರೆ ಎರಡು ಕಡೆ ಏಟು ಬೀಳುತ್ತೆ. ಒಂದು, ವಿಂಡೋಸ್ ಸೆಕ್ಯುರಿಟಿಯ ಕೋರ್ ಐಸೋಲೇಷನ್‌ನಲ್ಲಿ ಮೆಮೊರಿ ಇಂಟೆಗ್ರಿಟಿ ಅಂತ ಒಂದು ರಕ್ಷಣೆ ಇದೆ, ಅದು ಆನ್ ಇದ್ದರೆ ಹಳೇ ಪ್ರೊಸೆಸರಿಗೆ ಭಾರ. ಏಳನೇ ತಲೆಮಾರಿನಿಂದ ಈಚೆಗಿನ ಪ್ರೊಸೆಸರುಗಳಲ್ಲಿ ಅದಕ್ಕೆ ಚಿಪ್ಪಿನಲ್ಲೇ ಅನುಕೂಲ ಇದೆ, ಹಳೆಯವು ಅದನ್ನ ತಂತ್ರಾಂಶದಲ್ಲಿ ನಟಿಸಬೇಕು, ಆ ನಟನೆಗೇ ಶಕ್ತಿ ಖರ್ಚು. ಆಫ್ ಮಾಡಿದರೆ ಹಗುರ ಆಗುತ್ತೆ, ಒಂದು ಪದರ ರಕ್ಷಣೆಯೂ ಹೋಗುತ್ತೆ. ಸಿಕ್ಕ ಸಿಕ್ಕ ಪೆನ್‌ಡ್ರೈವ್ ಹಾಕೋ ನನ್ನಂಥ ಅಂಗಡಿಯಲ್ಲಿ ನಾನು ಆನ್ ಇಟ್ಟಿದ್ದೀನಿ.

ಎರಡು, ಗ್ರಾಫಿಕ್ಸ್ ಡ್ರೈವರ್. ಡಿವೈಸ್ ಮ್ಯಾನೇಜರಿನಲ್ಲಿ ಇಂಟೆಲ್ ಎಚ್‌ಡಿ ಗ್ರಾಫಿಕ್ಸ್ 5500 ಅಂತ ಇರಬೇಕು. ಮೈಕ್ರೋಸಾಫ್ಟ್ ಬೇಸಿಕ್ ಡಿಸ್‌ಪ್ಲೇ ಅಡಾಪ್ಟರ್ ಅಂತಿದ್ದರೆ ವಿಡಿಯೋದ ಭಾರ ಪೂರ್ತಿ ಪ್ರೊಸೆಸರ್ ಹೊರ್ತಿದೆ ಅಂತ ಅರ್ಥ. ವಿಂಡೋಸ್ 10ರ ಡ್ರೈವರನ್ನೇ ಹಾಕಿ, ನಡೆಯುತ್ತೆ.

ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ, ಹೆಚ್ಚುವರಿ ಸುರಕ್ಷತಾ ಅಪ್‌ಡೇಟ್‌ಗೆ ಹೆಸರು ನೋಂದಾಯಿಸಿಕೊಂಡ ಮನೆಬಳಕೆಯವರಿಗೆ ಅಲ್ಲಿಂದ ಒಂದು ವರ್ಷ, ಅಷ್ಟೇ. ಟ್ಯಾಲಿ ಬೇಕಿಲ್ಲದಿದ್ದರೆ ಲಿನಕ್ಸ್ ಮಿಂಟ್ ಹಾಕಿಕೊಳ್ಳಿ ಅಂತಿದ್ದೆ. ನುಡಿಯ ಕಗಪ ಕೀಲಿಮಣೆ ವಿನ್ಯಾಸ ಅಲ್ಲೂ ಸಿಗುತ್ತೆ, ಯೂನಿಕೋಡ್‌ನಲ್ಲೇ. ಮಗಳಿಗೆ ಟ್ಯಾಲಿ ಬೇಕೇ ಬೇಕು ಅಂದಿರೋದರಿಂದ ವಿಂಡೋಸೇ ಇರಲಿ.

ರ‍್ಯಾಮ್ ಬಗ್ಗೆ ತಲೆ ಕೆಡಿಸ್ಕೊಬೇಡಿ. ಟಾಸ್ಕ್ ಮ್ಯಾನೇಜರಿನಲ್ಲಿ 12 ಜಿಬಿ ತೋರಿಸಿದರೆ ಮುಗೀತು, 4 ಮತ್ತು 8 ಬೆರೆತದ್ದರಿಂದ ತೆವಳೋದಿಲ್ಲ. ಎರಡೆರಡು ಆ್ಯಂಟಿವೈರಸ್ ಇದ್ದರೆ ಒಂದನ್ನ ತೆಗೀರಿ. ಹೊಸ ವಿಂಡೋಸ್ ಮೊದಲ ಒಂದೆರಡು ದಿನ ಅಪ್‌ಡೇಟ್, ಇಂಡೆಕ್ಸ್ ಅಂತ ಒಳಗೊಳಗೇ ಒದ್ದಾಡ್ತಿರುತ್ತೆ, ಒಂದು ರಾತ್ರಿ ಚಾರ್ಜರ್ ಹಾಕಿ ಆನ್ ಮಾಡಿಟ್ಟು ಮಲಗಿ.

ಚಾರ್ಜರಿನದೇ ತಪ್ಪು ಅಂತ ಗೊತ್ತಾದರೆ ಕೊಳ್ಳೋಕೆ ಲ್ಯಾಪ್‌ಟಾಪ್ ಜೊತೆಗೇ ಹೋಗಿ. ಅಂಗಡಿಯವರು ಡಬ್ಬಿ ಕೊಟ್ಟು "ಸೇಮ್ ಸರ್, ಒರಿಜಿನಲ್" ಅಂತಾರೆ. ದುಡ್ಡು ಕೊಡೋ ಮೊದಲು ಅಲ್ಲೇ ಸಿಕ್ಕಿಸಿ, ಆನ್ ಮಾಡುವಾಗ ಎಫ್2 (ಕೆಲವದರಲ್ಲಿ ಬೇರೆ ಕೀ) ಒತ್ತಿ ಬಯಾಸ್ ಅನ್ನೋ, ವಿಂಡೋಸಿಗಿಂತ ಮೊದಲೇ ಬರೋ ಸೆಟ್ಟಿಂಗ್ ಪುಟದೊಳಗೆ ಹೋಗಿ. ಇಂಥ ಪಿನ್ ಇರೋ ಹಲವು ಲ್ಯಾಪ್‌ಟಾಪ್‌ಗಳಲ್ಲಿ ಬ್ಯಾಟರಿ ಮಾಹಿತಿ ಇರೋ ಪುಟದ ಆಸುಪಾಸಿನಲ್ಲೇ ಅಡಾಪ್ಟರ್ ಎಷ್ಟು ವ್ಯಾಟಿನದು ಅಂತಲೂ ತೋರಿಸುತ್ತೆ. 65 ಅಂತ ಬಂದರೆ ತಗೊಳ್ಳಿ. ನನಗೆ ಮೊದಲ ಎರಡು ಚಾರ್ಜರಿಗೂ ಅನ್‌ನೋನ್ ಅಂತ ಬಂತು, ಮೂರನೆಯದು ಸರಿಹೋಯ್ತು.